ಹಿರಿಮಗಳ ಲೆಕ್ಕ

ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ನಮ್ಮ ಮನೆ ಸಂತೆಯಂತಿರುತ್ತದೆ. ನಾಲ್ವರು ಮಕ್ಕಳು. ಹಿರಿಯವಳಿಗೆ ಹನ್ನೊಂದು, ಅವಳ ಬೆನ್ನಿಗೆ ಹುಟ್ಟಿದವನಿಗೆ ಒಂಬತ್ತು, ಮೂರನೆಯವನಿಗೆ ಏಳು, ಕೊನೆಯವನಿಗೆ ಈಗ ಮೂರು ತುಂಬಿದೆ. ಒಬ್ಬನ ಕಾಲುಚೀಲ ಮಂಚದ ಕೆಳಗೆ, ಇನ್ನೊಬ್ಬನ ಟೈ ಬಚ್ಚಲುಮನೆಯಲ್ಲಿ, ಸಣ್ಣವನ ಬಾಯಿಯಲ್ಲಿ ಇಡ್ಲಿ ನುಂಗದೆ ಉಗುಳದೆ ಹಾಗೆಯೇ ಕೂತಿರುತ್ತದೆ. ನಾನು ಒಲೆಯ ಮುಂದೆ ನಿಂತು ಕೂಗುತ್ತಿರುತ್ತೇನೆ. ಯಾರ ಕೆಲಸವಾದರೂ ಸರಿ, ಬಾಯಿಗೆ ಬರುವುದು ಹಿರಿಯವಳ ಹೆಸರೇ.

ಕಳೆದ ತಿಂಗಳು ಒಂದು ದಿನ ಅವಳು ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮಿ, ಇವತ್ತು ನೀವು ನನ್ನನ್ನು ಹತ್ತೊಂಬತ್ತು ಸಲ ಕರೆದಿರಿ. ತಮ್ಮನನ್ನು ಎರಡೇ ಸಲ. ಅದೂ ತಿಂಡಿಗೆ."

ನಗು ಬಂತು. ಪಕ್ಕದ ಮನೆಯವರಿಗೂ ಹೇಳಿಕೊಂಡು ನಕ್ಕೆ. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಆ ನಗು ನಿಂತಿತು. ಗುಬ್ಬಿಯ ಮನೆ ನೆನಪಾಯಿತು. ಆಪಾ ನೆನಪಾದಳು.

ಗುಬ್ಬಿಯಲ್ಲಿ ನಾವು ಆರು ಮಂದಿ ಮಕ್ಕಳು. ಅಬ್ಬಾ ಬಟ್ಟೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುವವರು, ವಾರದಲ್ಲಿ ನಾಲ್ಕು ರಾತ್ರಿ ಮನೆಯಲ್ಲಿ ಇರುತ್ತಿರಲಿಲ್ಲ. ಮೊದಲನೆಯವಳು ಆಪಾ, ನಂತರ ಇಬ್ಬರು ಅಣ್ಣಂದಿರು, ನಾಲ್ಕನೆಯವಳು ನಾನು. 1986ರಲ್ಲಿ ಕೊನೆಯ ತಮ್ಮ ಹುಟ್ಟಿದಾಗ ಆಪಾ ಉರ್ದು ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು. ಹೆರಿಗೆಯ ನಂತರ ಅಮ್ಮಾ ಹಾಸಿಗೆ ಹಿಡಿದರು. ಚಿಲ್ಲಾ ಮುಗಿಯುವವರೆಗೆ, ಅಂದರೆ ನಲವತ್ತು ದಿನ ಆಪಾ ಶಾಲೆಗೆ ಹೋಗುವುದು ಬೇಡ ಎಂದಾಯಿತು. ನಲವತ್ತು ದಿನ ಕಳೆಯಿತು. ನಲವತ್ತೊಂದನೆಯ ದಿನ ಯಾರೂ ಆ ಮಾತು ಎತ್ತಲಿಲ್ಲ. ಆಪಾಳೂ ಎತ್ತಲಿಲ್ಲ. 1994ರಲ್ಲಿ ಕುಣಿಗಲ್ಲಿಗೆ ಮದುವೆಯಾಗಿ ಹೋಗುವವರೆಗೆ, ಎಂಟು ವರ್ಷ, ಆ ಮಗು ಅವಳ ಸೊಂಟದಿಂದ ಇಳಿಯಲಿಲ್ಲ. ಇಳಿದರೂ ಇನ್ನೊಂದು ಏನಾದರೂ ಅಲ್ಲಿಗೆ ಬಂದು ಕೂರುತ್ತಿತ್ತು.

ನನ್ನ ತಲೆ ಬಾಚಿದವಳು ಅವಳು. ಅಲಿಫ್ ಬೇ ತಿದ್ದಿಸಿದವಳು ಅವಳು. ಉರ್ದು ಶಾಲೆ ಮುಗಿಸಿ ನಾನು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದಾಗ ಭಯದಿಂದ ಅತ್ತರೆ, ತನಗೇ ಸರಿಯಾಗಿ ಬಾರದ ಕನ್ನಡದಲ್ಲಿ ನನ್ನ ಪಾಠ ಒಪ್ಪಿಸಿಕೊಂಡವಳೂ ಅವಳೇ. ನಾನು ಮುಂದೆ ಓದಲು ತುಮಕೂರಿಗೆ ಬಂದೆ, ಕತೆ ಬರೆದೆ, ನಾಲ್ಕು ಜನ ಗುರುತಿಸುವಂತಾದೆ. ರಾತ್ರಿ ನಮ್ಮನ್ನು ಮಲಗಿಸಲು ಅವಳು ಕಟ್ಟಿ ಹೇಳುತ್ತಿದ್ದ ಕತೆಗಳಿಲ್ಲದಿದ್ದರೆ ನಾನು ಏನು ಬರೆಯುತ್ತಿದ್ದೆನೋ. ಕುಣಿಗಲ್ ಎಂದರೆ ಜನರಿಗೆ ಕೆರೆ, ಕುದುರೆ ಫಾರಂ ನೆನಪಾಗುತ್ತದೆ. ನನಗೆ ಆಪಾಳ ಸೊಂಟ ನೆನಪಾಗುತ್ತದೆ. ಈಗ ಆ ಸೊಂಟದಲ್ಲಿ ನೋವು.

ಇದರಲ್ಲಿ ತಪ್ಪು ಯಾರದು? ಅಮ್ಮಾರದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆರು ಹೆರಿಗೆ, ಬೀದಿ ನಲ್ಲಿಯ ನೀರು, ಸಾಲದ ದಿನಸಿ. ಅಬ್ಬಾ ಬೀಡಿ ಕೂಡ ಸೇದದ ಮನುಷ್ಯ, ದುಡಿದದ್ದನ್ನೆಲ್ಲ ತಂದು ಅಮ್ಮಾರ ಕೈಗೆ ಕೊಡುತ್ತಿದ್ದರು. ಅನ್ಯಾಯ ಮಾಡಬೇಕೆಂದು ಯಾರೂ ಮಾಡಲಿಲ್ಲ. ಆದರೂ ಒಂದು ಮಗುವಿನ ಬಾಲ್ಯವನ್ನು ತೆಗೆದು ಉಳಿದ ಐವರಿಗೆ ಹಂಚಲಾಯಿತು. ಹಂಚಿಕೊಂಡವರಲ್ಲಿ ನಾನೂ ಒಬ್ಬಳು.

ಮಕ್ಕಳ ನಡುವೆ ನ್ಯಾಯ ಎಂದಾಗ ನಾವು ಹೇಳುವ ಒಂದು ಪ್ರಸಿದ್ಧ ಹದೀಸ್ ಇದೆ. ಹ. ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಅವರಿಗೆ ಒಂದು ಕೊಡುಗೆ ಕೊಟ್ಟರು. ಇದಕ್ಕೆ ಪ್ರವಾದಿಯವರು(ಸ) ಸಾಕ್ಷಿಯಾಗಲಿ ಎಂದು ತಾಯಿ ಪಟ್ಟು ಹಿಡಿದರು. ತಂದೆ ಹೋಗಿ ಕೇಳಿದಾಗ ಪ್ರವಾದಿಯವರು ಮರಳಿ ಕೇಳಿದ್ದು ಒಂದೇ ಪ್ರಶ್ನೆ: ಉಳಿದ ಮಕ್ಕಳಿಗೂ ಇದೇ ರೀತಿ ಕೊಟ್ಟಿದ್ದೀಯಾ? ಇಲ್ಲವೆಂದಾಗ ಅವರು ಸಾಕ್ಷಿಯಾಗಲು ಒಪ್ಪಲಿಲ್ಲ, ಮಕ್ಕಳ ನಡುವೆ ನ್ಯಾಯದಿಂದಿರಲು ಹೇಳಿದರು. ತಂದೆ ಕೊಡುಗೆಯನ್ನು ಹಿಂದಕ್ಕೆ ಪಡೆದರು. ಈ ಹದೀಸನ್ನು ನಾವು ಮನೆ, ನಿವೇಶನ, ಒಡವೆಗಳಿಗೆ ಅನ್ವಯಿಸುತ್ತೇವೆ. ಈದ್‌ನ ಬಟ್ಟೆಗೂ ಅನ್ವಯಿಸುತ್ತೇವೆ. ನಾಲ್ವರಿಗೂ ಒಂದೇ ಬೆಲೆಯದು ತರದಿದ್ದರೆ ನಮ್ಮ ಮನೆಯಲ್ಲಿ ಯುದ್ಧವೇ ಆಗುತ್ತದೆ. ಆದರೆ ಹೊತ್ತು? ಆಟದ ಹೊತ್ತು, ಓದಿನ ಹೊತ್ತು, ಸುಮ್ಮನೆ ಕಿಟಕಿಯ ಹತ್ತಿರ ಕೂರುವ ಹೊತ್ತು? ಅದೂ ಮಕ್ಕಳಿಗೆ ನಾವು ಕೊಡುವ ಆಸ್ತಿಯೇ ಅಲ್ಲವೇ? ಅಬ್ಬಾ ತೀರಿಕೊಂಡ ಮೇಲೆ ಗುಬ್ಬಿಯ ಮನೆ ಮಾರಿದಾಗ ಶರೀಅತ್ತಿನ ಪ್ರಕಾರ ಆಪಾಳಿಗೆ ಬರಬೇಕಾದ ಪಾಲು ಬಂತು, ಒಂದು ರೂಪಾಯಿ ಹೆಚ್ಚು ಕಡಿಮೆಯಿಲ್ಲದೆ. ಆ ಎಂಟು ವರ್ಷದ ಮಾತು ಅಲ್ಲಿ ಬರಲಿಲ್ಲ. ಯಾವ ಪತ್ರದಲ್ಲಿ ಅದನ್ನು ಬರೆಯುವುದು?

ಈ ಹದೀಸಿನಲ್ಲಿ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಇದನ್ನು ವರದಿ ಮಾಡಿದವರು ಸ್ವತಃ ನುಅ್‌ಮಾನರೇ. ಕೊಡುಗೆ ಸಿಕ್ಕಿದ ಮಗನೇ, ತನಗೆ ಸಿಕ್ಕಿದ್ದು ನ್ಯಾಯವಾಗಿರಲಿಲ್ಲ ಎಂದು ಮುಂದೆ ಜನರಿಗೆ ಹೇಳಿದರು. ವಂಚಿತರು ಹೇಳಿದರೆ ಅದು ದೂರು ಎನಿಸಿಕೊಳ್ಳುತ್ತದೆ. ಪಡೆದವರು ಹೇಳಿದರೆ ಅದು ಸಾಕ್ಷ್ಯವಾಗುತ್ತದೆ. ಹಾಗಾಗಿಯೇ ಇದನ್ನು ನಾನು ಬರೆಯುತ್ತಿದ್ದೇನೆ.

ನಮ್ಮ ಸಮುದಾಯದ ಮನೆಗಳಲ್ಲಿ ಎಷ್ಟು ಮಕ್ಕಳಿವೆ ಎಂದು ಎಣಿಸುವವರು ಬೇಕಾದಷ್ಟಿದ್ದಾರೆ. ಎಣಿಕೆಯ ರಾಜಕೀಯ ಈಗ ಹಳತಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮುಸ್ಲಿಂ ಮಹಿಳೆಯರ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 4.4 ಇದ್ದದ್ದು 2019-21ಕ್ಕೆ 2.4ರ ಆಸುಪಾಸಿಗೆ ಇಳಿದಿದೆ. ಕರ್ನಾಟಕದ ಎಲ್ಲರ ಸರಾಸರಿ 2019-21ರಲ್ಲಿ 1.7 ಇತ್ತು. ನನ್ನ ತಾಯಿಗೆ ಆರು, ನನಗೆ ನಾಲ್ಕು, ನನ್ನ ತಂಗಿಗೆ ಎರಡು. ಇರಲಿ. ಎಣಿಸುವವರೂ ಕೇಳುವುದಿಲ್ಲ, ಅವರಿಗೆ ಉತ್ತರ ಕೊಡುವ ನಾವೂ ಕೇಳುವುದಿಲ್ಲ: ಈ ಮಕ್ಕಳನ್ನು ಸಾಕುತ್ತಿರುವವರು ಯಾರು? ತಾಯಿ ಎನ್ನುತ್ತೇವೆ. ತುಮಕೂರಿನಲ್ಲಿ ಬೀಡಿ ಸುತ್ತುವ, ಊದಿನಕಡ್ಡಿ ಹೊಸೆಯುವ ಮನೆಗಳಿಗೆ ಮಧ್ಯಾಹ್ನ ಹೋಗಿ ನೋಡಿ. ತಾಯಿಯ ಮಡಿಲಲ್ಲಿ ಮೊರ ಇರುತ್ತದೆ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಮಗುವಿಗೆ ಆ ಮಡಿಲಲ್ಲಿ ಜಾಗವಿಲ್ಲ. ಅದು ಅಕ್ಕನ ಕಾಲ ಮೇಲೆ ಇರುತ್ತದೆ. ಅಕ್ಕನಿಗೆ ಒಂಬತ್ತೋ ಹತ್ತೋ ವರ್ಷ.

ಕಾನೂನಿನ ಕಣ್ಣಿಗೂ ಈ ಹುಡುಗಿ ಕಾಣುವುದಿಲ್ಲ. ಆಪಾ ಶಾಲೆ ಬಿಟ್ಟ ಅದೇ 1986ರ ಡಿಸೆಂಬರಿನಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. ಮಕ್ಕಳು ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಬೀಡಿಯೂ ಇತ್ತು, ಆದರೆ ಮನೆಯವರೊಂದಿಗೆ ಸೇರಿ ಮಾಡಿದರೆ ಅಡ್ಡಿ ಇರಲಿಲ್ಲ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನೆಲ್ಲ ನಿಷೇಧಿಸಿತು, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಕುಟುಂಬಕ್ಕೆ ನೆರವಾಗುವುದನ್ನು ಬಿಟ್ಟು. ತಮ್ಮನನ್ನು ಎತ್ತಿಕೊಳ್ಳುವುದು ಎಂದೂ ಯಾವ ಪಟ್ಟಿಗೂ ಬಂದದ್ದಲ್ಲ. ಬರಬೇಕೆಂದು ನಾನೂ ಹೇಳುತ್ತಿಲ್ಲ. ಪೊಲೀಸರು ಬಂದು ಬಿಡಿಸುವ ವಿಷಯ ಇದಲ್ಲ. ಅಂಗನವಾಡಿ ಸರಿಯಾಗಿ ನಡೆದ ಕಡೆ ಅಕ್ಕಂದಿರು ಶಾಲೆಗೆ ಹೋಗಿದ್ದನ್ನು ಕಂಡಿದ್ದೇನೆ. 2023ರಲ್ಲಿ ಸರಕಾರ ಗ್ರಾಮ ಪಂಚಾಯತಿಗಳಲ್ಲಿ ಕೂಲಿ ತಾಯಂದಿರ ಕೂಸುಗಳಿಗಾಗಿ 'ಕೂಸಿನ ಮನೆ' ಆರಂಭಿಸಿತು. ಅಂಥದೊಂದು ಪಟ್ಟಣದ ಬೀಡಿ ಕಾರ್ಮಿಕರ ಓಣಿಗೂ ಬೇಕು. ಆದರೆ ಕಾನೂನು, ಸರಕಾರ ಎಂದು ಹೊರಗೆ ಬೆರಳು ತೋರಿಸಿದರೆ ನನ್ನ ಮನೆಯ ಹತ್ತೊಂಬತ್ತು ಸಲಕ್ಕೆ ಉತ್ತರ ಸಿಗುವುದಿಲ್ಲ. ನನ್ನ ಮನೆಯಲ್ಲಿ ಬಡತನವಿಲ್ಲ, ಮೊರವಿಲ್ಲ. ಗ್ಯಾಸ್ ಒಲೆಯಿದೆ, ನಲ್ಲಿಯಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ದೊಡ್ಡವರು ಸಣ್ಣವರನ್ನು ನೋಡಿಕೊಳ್ಳುವುದರಿಂದಲೇ ಅಲ್ಲವೇ ಕುಟುಂಬ ಕುಟುಂಬವಾಗುವುದು? ಒಂದೇ ಮಗುವಿರುವ ಮನೆಯಲ್ಲಿ, ತನ್ನ ಬಾಯಿಯ ತುತ್ತನ್ನು ಇನ್ನೊಂದು ಬಾಯಿಗೆ ಇಡುವ ಅಭ್ಯಾಸ ಎಲ್ಲಿಂದ ಬರಬೇಕು? ಇದು ನಿಜ. ತಮ್ಮನಿಗೆ ಜ್ವರ ಬಂದಾಗ ಕೇಳದೆಯೇ ಹಣೆಗೆ ಒದ್ದೆ ಬಟ್ಟೆ ಹಾಕುವ ನನ್ನ ಮಗಳು ಯಾವ ಶಾಲೆಯೂ ಕಲಿಸದ್ದನ್ನು ಕಲಿತಿದ್ದಾಳೆ. ಆದರೆ ಅದು ಅಷ್ಟು ಒಳ್ಳೆಯ ಪಾಠವಾದರೆ ಹುಡುಗರಿಗೆ ಯಾಕೆ ಬೇಡ? ಗುಬ್ಬಿಯಲ್ಲಿ ಆಪಾ ಮಗು ಎತ್ತಿಕೊಂಡಾಗ ಹನ್ನೊಂದು ವರ್ಷದ ಅಣ್ಣ ಗಾಳಿಪಟ ಬಿಡುತ್ತಿದ್ದ. ಅವನಿಗೆ ಕೆಲಸವೇ ಇರಲಿಲ್ಲ ಎಂದಲ್ಲ. ಹಾಲು ತರುವುದು, ಹಿಟ್ಟಿನ ಗಿರಣಿಗೆ ಹೋಗುವುದು ಅವನ ಪಾಲು. ಈ ಕೆಲಸಗಳಿಗೆಲ್ಲ ಒಂದು ಕೊನೆಯಿದೆ. ಹಾಲು ತಂದಿಟ್ಟರೆ ಮುಗಿಯಿತು, ಮತ್ತೆ ಬೀದಿಗೆ ಓಡಬಹುದು. ಮಗುವಿಗೆ ಕೊನೆಯಿಲ್ಲ. ಗಂಡುಮಕ್ಕಳಿಗೆ ಮುಗಿಯುವ ಕೆಲಸ, ಹಿರಿಮಗಳಿಗೆ ಮುಗಿಯದ ಕೆಲಸ ಎಂದು ನಾವು ಹಂಚಿಬಿಟ್ಟಿದ್ದೇವೆ.

ಅವಳು ಸಂತೋಷದಿಂದಲೇ ಮಾಡುತ್ತಾಳೆ ಎನ್ನುತ್ತಾರೆ. ಆಪಾ ಕೂಡ ಸಂತೋಷದಿಂದಲೇ ಮಾಡಿದಳು. ಹನ್ನೆರಡು ಹದಿಮೂರರ ಹುಡುಗಿಗೆ ತಾನು ಕೊಡುತ್ತಿರುವುದರ ಬೆಲೆ ತಿಳಿದಿರುವುದಿಲ್ಲ. ಬೆಲೆ ತಿಳಿಯದೆ ಕೊಟ್ಟದ್ದನ್ನು ದಾನ ಎನ್ನಬಹುದೇ? ಜೊತೆಗೆ ಹೊಗಳಿಕೆ ಬೇರೆ. "ಚಿನ್ನದಂಥ ಹುಡುಗಿ, ತಾಯಿಗೆ ಬಲಗೈ" ಎಂದು ಓಣಿಯ ಹೆಂಗಸರೆಲ್ಲ ಅನ್ನುತ್ತಿದ್ದರು. ಚಿನ್ನದಂಥ ಹುಡುಗಿ ಮಗುವನ್ನು ಕೆಳಗಿಟ್ಟು ಪುಸ್ತಕ ಹಿಡಿದರೆ ಅಂದಿನಿಂದ ಚಿನ್ನ ಅಲ್ಲ. ಹೊಗಳಿಕೆ ಕೂಲಿಯಲ್ಲ, ಹಗ್ಗ. ನಾನೂ ಈ ಹಗ್ಗವನ್ನು ಬಳಸಿದ್ದೇನೆ. "ನನ್ನ ಜಾಣೆ" ಎಂದು ನಾನು ಮಗಳಿಗೆ ಹೇಳುವುದು ಹೆಚ್ಚಾಗಿ ಏನಾದರೂ ಕೆಲಸ ಆಗಬೇಕಾದಾಗ.

ಪವಿತ್ರ ಕುರ್‌ಆನಿನಲ್ಲಿ ಒಬ್ಬ ಅಕ್ಕ ಇದ್ದಾಳೆ. ಮೂಸಾ(ಅ)ರನ್ನು ತಾಯಿ ನದಿಗೆ ಬಿಟ್ಟಾಗ ಹಿಂದೆ ಹೋಗಿ ನೋಡು ಎಂದು ಕಳಿಸಿದ್ದು ಅವಳನ್ನು. ಅಲ್‌ಕಸಸ್ ಅಧ್ಯಾಯದಲ್ಲಿ ಅವಳ ಹೆಸರಿಲ್ಲ, ಅವಳ ಕೆಲಸ ಮಾತ್ರ ಇದೆ. ಯಾರಿಗೂ ಗೊತ್ತಾಗದಂತೆ ದೂರದಿಂದ ನೋಡುತ್ತಾಳೆ. ಮಗು ಅರಮನೆಯ ದಾದಿಯರ ಹಾಲು ಕುಡಿಯದಿದ್ದಾಗ, ಇದನ್ನು ಸಾಕುವ ಒಂದು ಮನೆ ನನಗೆ ಗೊತ್ತು ಎಂದು ತಾನೇ ಮುಂದೆ ಬಂದು ಮಾತಾಡುತ್ತಾಳೆ. ಫಿರ್‌ಔನನ ಜನರ ಎದುರು ಒಬ್ಬ ಹುಡುಗಿ ಹಾಗೆ ಬಾಯಿ ತೆರೆಯುವುದು ಸಣ್ಣ ಧೈರ್ಯವಲ್ಲ. ಈ ಪ್ರಸಂಗವನ್ನು ನಾನು ಎಷ್ಟೋ ಸಲ ಓದಿದ್ದೆ. ಆಪಾಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಬೇರೆಯೇ ಒಂದು ಮಾತು ಕಣ್ಣಿಗೆ ಬಿತ್ತು. ಆ ಅಕ್ಕನ ಕೆಲಸಕ್ಕೆ ಒಂದು ಗುರಿಯಿತ್ತು, ಮಗು ತಾಯಿಯ ಮಡಿಲಿಗೆ ಮರಳುವುದು. ಮರಳಿತು. ಅಲ್ಲಿಗೆ ಅವಳ ಕೈ ಖಾಲಿಯಾಯಿತು. ನಮ್ಮ ಮನೆಗಳಲ್ಲಿ ಅಕ್ಕನ ಕೈಗೆ ಹೋದ ಮಗು ಮರಳಿ ಬರುವುದೇ ಇಲ್ಲ.

ಎರಡು ವರ್ಷದ ಹಿಂದೆ ಕುಣಿಗಲ್ಲಿಗೆ ಹೋಗಿದ್ದಾಗ ಧೈರ್ಯ ಮಾಡಿ ಕೇಳಿದ್ದೆ: "ಆಪಾ, ನಮ್ಮ ಮೇಲೆ ನಿನಗೆ ಸಿಟ್ಟಿಲ್ಲವಾ?" ಅವಳು ಅವರೆಕಾಯಿ ಸುಲಿಯುತ್ತಿದ್ದಳು. "ಸಿಟ್ಟು ಯಾಕೆ? ನೀವೇನು ಕೇಳಿಕೊಂಡು ಹುಟ್ಟಿದಿರಾ?" ಎಂದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: "ಲೆಕ್ಕದ ಪುಸ್ತಕ ಅರ್ಧಕ್ಕೆ ನಿಂತಿತ್ತು. ಬಡ್ಡಿ ಲೆಕ್ಕ ನಡೀತಾ ಇತ್ತು. ಆಮೇಲೆ ಏನಿತ್ತು ಅಂತ ಒಂದೊಂದು ಸಲ ಅನ್ನಿಸುತ್ತೆ." ಮೊಮ್ಮಕ್ಕಳಿರುವ ಹೆಂಗಸು. ನಾನು ಏನು ಹೇಳಲಿ? ಅವಳ ಸಾಲವನ್ನು ಅವಳಿಗೆ ತೀರಿಸುವ ದಾರಿ ನನಗೆ ಕಾಣಲಿಲ್ಲ, ಈಗಲೂ ಕಂಡಿಲ್ಲ.

ಮನೆಯಲ್ಲಿ ಒಂದಿಷ್ಟು ಬದಲಾಯಿಸಲು ಹೊರಟಿದ್ದೇನೆ. ಸಣ್ಣವನ ಸ್ನಾನ ಈಗ ಒಂಬತ್ತರ ಹುಡುಗನ ಪಾಲು. ಅರ್ಧ ಬಚ್ಚಲು, ಪೂರಾ ನಡುಮನೆ ಒದ್ದೆ. ಇಡ್ಲಿ ತಿನ್ನಿಸುವುದು ಅವರ ಅಪ್ಪನ ಪಾಲು. ಸಂಜೆ ಆರರಿಂದ ಏಳು ಮಗಳ ಹೊತ್ತು, ಮನೆಗೆ ಬೆಂಕಿ ಬಿದ್ದರೂ ಅವಳನ್ನು ಕರೆಯಬಾರದು ಎಂದು ನಿಯಮ. ನಿಯಮವನ್ನು ಹೆಚ್ಚು ಸಲ ಮುರಿಯುವವಳು ನಾನೇ. ಅವಳ ಹೆಸರು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಕಳೆದ ಭಾನುವಾರ ಆಪಾ ಬಂದಿದ್ದಳು. ಸಂಜೆ ಮಗಳು ಒಳಗೆ ಲೆಕ್ಕ ಮಾಡುತ್ತಿದ್ದಳು, ನಾನು ಮೇಜಿನ ಮುಂದೆ ಕೂತು ಈ ಲೇಖನ ಬರೆಯುತ್ತಿದ್ದೆ. ಮಲಗಿದ್ದ ಸಣ್ಣವನು ಎದ್ದು ಅಳತೊಡಗಿದ. ನಾನು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿಕೊಂಡೆ. ಅಷ್ಟರಲ್ಲಿ ಆಪಾ ಮೊಣಕಾಲಿಗೆ ಕೈ ಊರಿ ಎದ್ದಳು. ಕೂರು ಆಪಾ, ನಾನು ಹೋಗುತ್ತೇನೆ ಅನ್ನಬೇಕಿತ್ತು. ನನ್ನ ಕೈಯಲ್ಲಿ ಪೆನ್ನಿತ್ತು, ವಾಕ್ಯ ಅರ್ಧದಲ್ಲಿತ್ತು.