ಪಬ್ಲಿಕ್ ಸರ್ವೆಂಟ್: ಒಂದು ಪದಮೀಮಾಂಸೆ

ಕಚೇರಿಯ ಕೌಂಟರಿನ ಎರಡೂ ಬದಿಯಲ್ಲಿ ಓಡಾಡುವ ಮಾತು ‘ಪಬ್ಲಿಕ್ ಸರ್ವೆಂಟ್’. ಅರ್ಜಿ ಹಿಡಿದು ನಿಂತವರು ‘ನೀವು ಪಬ್ಲಿಕ್ ಸರ್ವೆಂಟ್ ಅಲ್ವಾ?’ ಎಂದು ಕೇಳುತ್ತಾರೆ. ಒಳಗೆ ಕೂತವರು ‘ಪಬ್ಲಿಕ್ ಸರ್ವೆಂಟ್ ಕೆಲಸಕ್ಕೆ ಅಡ್ಡಿ ಮಾಡಿದರೆ ಕೇಸು ಹಾಕಿಸ್ತೀವಿ’ ಎಂದು ಎಚ್ಚರಿಸುತ್ತಾರೆ. ಒಬ್ಬರಿಗೆ ಅದು ಹಕ್ಕು, ಇನ್ನೊಬ್ಬರಿಗೆ ಗುರಾಣಿ. ಹಾಗಾದರೆ ಈ ಹೆಸರು ಅಂಟಿಕೊಂಡಿರುವುದು ಯಾವುದಕ್ಕೆ? ಸಂಬಳಕ್ಕೋ, ಕುರ್ಚಿಗೋ, ಕೆಲಸಕ್ಕೋ? ಕೆಲಸಕ್ಕೆ ಎಂಬುದು ನನ್ನ ಸಿದ್ಧಾಂತ.

ಪೂರ್ವಪಕ್ಷಿ ಸಂಬಳದಿಂದ ಶುರುಮಾಡುತ್ತಾನೆ. ಯಾರ ಅನ್ನ ಉಣ್ಣುತ್ತಾನೋ ಅವರ ಸೇವಕ. ಸರ್ಕಾರದ ಸಂಬಳ ಬಂದರೆ ಪಬ್ಲಿಕ್ ಸರ್ವೆಂಟ್, ಇಲ್ಲದಿದ್ದರೆ ಇಲ್ಲ. ಈ ವಾದಕ್ಕೆ ಬಲವಿದೆ. 1860ರ ಭಾರತೀಯ ದಂಡ ಸಂಹಿತೆಯ 21ನೇ ಕಲಂ ಕೊಟ್ಟ ಪಟ್ಟಿಯಲ್ಲಿ ಮೊದಲ ಸ್ಥಾನ ರಾಣಿಯ ಕರಾರುಬದ್ಧ ನೌಕರರದು. 1984ರ ಅಂತುಳೆ ಪ್ರಕರಣದಲ್ಲಿ ಶಾಸಕನು ಆ ಕಲಮಿನಡಿ ಪಬ್ಲಿಕ್ ಸರ್ವೆಂಟ್ ಅಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದೂ ಸಂಬಳದ ಎಳೆ ಹಿಡಿದೇ. ಶಾಸಕರ ವೇತನ ಸದನ ಮಂಜೂರು ಮಾಡಿಕೊಂಡದ್ದು, ಅವರು ಸರ್ಕಾರದ ಊಳಿಗದವರಲ್ಲ ಎಂಬುದು ತರ್ಕ.

ಆದರೆ ಅದೇ ಪಟ್ಟಿಯಲ್ಲಿ ಕೆಳಗಿಳಿದು ನೋಡಬೇಕು. ಕೋರ್ಟು ವ್ಯಾಜ್ಯವೊಂದನ್ನು ಒಪ್ಪಿಸಿದ ಮಧ್ಯಸ್ಥನಿದ್ದಾನೆ, ಕೋರ್ಟಿಗೆ ನೆರವಾಗುವ ಪಂಚಾಯಿತಿ ಸದಸ್ಯನಿದ್ದಾನೆ. ಇವರಿಗೆ ಸರ್ಕಾರದ ಸಂಬಳವಿರಲೇಬೇಕೆಂದಿಲ್ಲ. ಸರ್ಕಾರವೇ ನೇಮಿಸಿರಬೇಕಿಲ್ಲ ಎಂದೂ ಕಲಮಿನ ವಿವರಣೆ ಹೇಳುತ್ತದೆ. ಇನ್ನೊಂದು ವಿವರಣೆ ನನಗೆ ಬಹಳ ಮುಖ್ಯ: ಆ ಸ್ಥಾನ ಹಿಡಿಯುವ ಹಕ್ಕಿನಲ್ಲೇ ಕಾನೂನಿನ ದೋಷವಿದ್ದರೂ, ವಾಸ್ತವವಾಗಿ ಆ ಸ್ಥಾನದಲ್ಲಿ ಇರುವವನು ಪಬ್ಲಿಕ್ ಸರ್ವೆಂಟೇ. ಕಾನೂನು ನೋಡುವುದು ಆದೇಶದ ಕಾಗದವನ್ನಲ್ಲ, ನಡೆಯುತ್ತಿರುವ ಕೆಲಸವನ್ನು.

1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದನ್ನು ಇನ್ನೂ ಬಿಚ್ಚಿ ಹೇಳಿತು. ರಾಜ್ಯಕ್ಕೆ, ಸಾರ್ವಜನಿಕರಿಗೆ ಅಥವಾ ಸಮುದಾಯಕ್ಕೆ ಯಾವುದರಲ್ಲಿ ಹಿತಾಸಕ್ತಿಯಿದೆಯೋ ಅದು ಸಾರ್ವಜನಿಕ ಕರ್ತವ್ಯ. ಅದನ್ನು ಮಾಡಲೇಬೇಕಾದ ಹುದ್ದೆಯಲ್ಲಿರುವವನು ಪಬ್ಲಿಕ್ ಸರ್ವೆಂಟ್. ಹೀಗಾಗಿಯೇ 1998ರಲ್ಲಿ, ಪಿ.ವಿ. ನರಸಿಂಹ ರಾವ್ ಪ್ರಕರಣದಲ್ಲಿ, ಸಂಸದರೂ ಈ ಹೆಸರಿನೊಳಗೆ ಬಂದರು. 2016ರಲ್ಲಿ ಖಾಸಗಿ ಬ್ಯಾಂಕಿನ ಅಧ್ಯಕ್ಷರೂ ಬಂದರು. ವಿಶ್ವವಿದ್ಯಾಲಯದ ಉತ್ತರಪತ್ರಿಕೆ ತಿದ್ದಲು ಹೋದ ಖಾಸಗಿ ಕಾಲೇಜಿನ ಮೇಷ್ಟರು ಆ ಮೌಲ್ಯಮಾಪನದ ಮಟ್ಟಿಗೆ ಪಬ್ಲಿಕ್ ಸರ್ವೆಂಟ್. ತಮ್ಮ ಕಾಲೇಜಿನ ಪಾಠಕ್ಕೆ ಮರಳಿದಾಗ ಆ ಕಾರಣದಿಂದ ಅಲ್ಲ. ಸಂಬಳವೂ ಬದಲಾಗಲಿಲ್ಲ, ಮನುಷ್ಯನೂ ಬದಲಾಗಲಿಲ್ಲ. ಬದಲಾದದ್ದು ಕೆಲಸ.

ಇಷ್ಟಕ್ಕೆ ಬಿಡದೆ ಪೂರ್ವಪಕ್ಷಿ ಕೇಳುತ್ತಾನೆ: ಸೇವಕನೆಂದರೆ ಹೇಳಿದ್ದು ಕೇಳುವವನು. ತಹಶೀಲ್ದಾರರು ನಮಗೇ ಆಜ್ಞೆ ಮಾಡುತ್ತಾರಲ್ಲ? ಇದು ಬರಿಯ ಉಪಚಾರದ ಮಾತಲ್ಲವೇ? ಅಲ್ಲ. 1991ರ ವೀರಸ್ವಾಮಿ ಪ್ರಕರಣದಲ್ಲಿ ಹೈಕೋರ್ಟಿನ ನ್ಯಾಯಾಧೀಶರೂ ಪಬ್ಲಿಕ್ ಸರ್ವೆಂಟ್ ಎಂದು ತೀರ್ಮಾನವಾಯಿತು. ಇಂಥ ತೀರ್ಪು ಬರೆಯಿರಿ ಎಂದು ಅವರಿಗೆ ಯಾರೂ ಹೇಳುವಂತಿಲ್ಲ. ಆದ್ದರಿಂದ ವಿಧೇಯತೆ ಈ ಪದದ ಲಕ್ಷಣವಾಗಲಾರದು. ಇನ್ನೊಂದರ ಸಲುವಾಗಿ ಇರುವುದು ಯಾವುದೋ ಅದು ಶೇಷ ಎಂಬುದು ಮೀಮಾಂಸಾಸೂತ್ರಕಾರ ಜೈಮಿನಿ ಕೊಟ್ಟ ಲಕ್ಷಣ. ಇಲ್ಲಿಗೆ ಹೊಂದುವುದು ಅದೇ: ತಹಶೀಲ್ದಾರರ ಅಧಿಕಾರ ಇರುವುದು ಅವರ ಸಲುವಾಗಿ ಅಲ್ಲ. ವಿಧಾನಸೌಧದ ಹಣೆಯ ಮೇಲೆ ದೇವರದ್ದೆಂದು ಕೆತ್ತಿರುವುದೂ ಸರ್ಕಾರದ ಕೆಲಸವನ್ನು, ಕೆಲಸ ಮಾಡುವವರನ್ನಲ್ಲ. ಮೆಟ್ಟಿಲು ಹತ್ತುವವರು ಅದನ್ನು ಹಾಗೆ ಓದಬೇಕೆಂದು ನನ್ನಾಸೆ.

ಹಾಗಾದರೆ ಊರಿನ ಕೆರೆ ಹೂಳೆತ್ತುವ ಯುವಕರೂ ಪಬ್ಲಿಕ್ ಸರ್ವೆಂಟರೋ? ಅಲ್ಲ. ಅವರದು ದೊಡ್ಡ ಕೆಲಸ, ಆದರೆ ಅದನ್ನು ಮಾಡಲೇಬೇಕೆಂದು ಕಟ್ಟುವ ಹುದ್ದೆ ಅವರಿಗಿಲ್ಲ. ನಾಳೆ ನಿಲ್ಲಿಸಿದರೆ ಯಾರೂ ಪ್ರಶ್ನಿಸಲಾರರು.

ಪಬ್ಲಿಕ್ ಒಡೆಯನಾದರೆ ನಾನೂ ಒಡೆಯ, ನನ್ನ ಮಾತು ನಡೆಯಬೇಕು ಎಂಬ ವಾದ ಕೌಂಟರಿನಲ್ಲಿ ಆಗಾಗ ಕೇಳುತ್ತದೆ. ಒಬ್ಬೊಬ್ಬರೂ ಒಡೆಯರಲ್ಲ, ಒಬ್ಬೊಬ್ಬರೂ ಸಾಲಗಾರನ ಬಳಿ ಬಾಕಿ ಕೇಳುವ ಹಕ್ಕುಳ್ಳವರು. ಕರ್ನಾಟಕದ 2011ರ ಸಕಾಲ ಕಾಯ್ದೆ ಆ ಬಾಕಿಗೆ ಲೆಕ್ಕವನ್ನೇ ಇಟ್ಟಿದೆ: ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಮೊತ್ತ ಸಣ್ಣದು, ತತ್ವ ಸಣ್ಣದಲ್ಲ.

ಕೊನೆಯ ಆಕ್ಷೇಪವೇ ಗಟ್ಟಿ. ಒಡೆಯರಿಗಿಲ್ಲದ ಗುರಾಣಿ ಸೇವಕರಿಗೇಕೆ? ಸರ್ಕಾರದ ಅನುಮತಿಯಿಲ್ಲದೆ ಕೋರ್ಟು ಮೊಕದ್ದಮೆ ಕೈಗೆತ್ತಿಕೊಳ್ಳಬಾರದೇಕೆ? ನನ್ನ ಉತ್ತರ: ಆ ರಕ್ಷಣೆ ಕರ್ತವ್ಯದ ಭಾಗವಾಗಿ ಮಾಡಿದ ಕೃತ್ಯಕ್ಕೆ ಮಾತ್ರ. ಲಂಚ ತೆಗೆದುಕೊಳ್ಳುವ ನ್ಯಾಯಾಧೀಶ ಆಗ ನ್ಯಾಯಾಧೀಶನ ಕೆಲಸ ಮಾಡುತ್ತಿರುವುದಿಲ್ಲ ಎಂದು ಪ್ರಿವಿ ಕೌನ್ಸಿಲ್ 1948ರಲ್ಲೇ ಹೇಳಿದೆ. ಆದರೂ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ ಲಂಚದ ಮೊಕದ್ದಮೆಗೂ ಅನುಮತಿ ಬೇಡುತ್ತದೆ. ಪ್ರಾಮಾಣಿಕರನ್ನು ಸುಳ್ಳು ದೂರಿನಿಂದ ಕಾಯಲು ಅದು ಬೇಕೆನ್ನುತ್ತಾರೆ. ನನಗೆ ಒಪ್ಪಿಗೆಯಾಗದು, ಇಷ್ಟರಮಟ್ಟಿಗೆ ಪೂರ್ವಪಕ್ಷ ನಿಲ್ಲುತ್ತದೆ. 2023ರ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ, ಸರ್ಕಾರ 120 ದಿನದೊಳಗೆ ನಿರ್ಧರಿಸದಿದ್ದರೆ ಅನುಮತಿ ಸಿಕ್ಕಂತೆಯೇ ಎನ್ನುತ್ತದೆ. 19ನೇ ಕಲಮಿನಲ್ಲಿ ಆ ಮಾತಿಲ್ಲ. ಅಲ್ಲಿಯೂ ಅದನ್ನು ಬರೆಯಬೇಕು.