ಸಂಪರ್ಕ, ಮಧ್ಯವರ್ತಿ ಮತ್ತು ಅರಿವು

ಎರಡು ವಸ್ತುಗಳು ಒಂದನ್ನೊಂದು ಮುಟ್ಟಿದ ಮಾತ್ರಕ್ಕೆ ಅರಿವು ಹುಟ್ಟುತ್ತದೆಯೇ, ಅಥವಾ ಆ ಸ್ಪರ್ಶ ಅರಿವಾಗಿ ಮಾಗಬೇಕಾದರೆ ಎರಡನ್ನೂ ಬಲ್ಲ ಮೂರನೆಯದೊಂದು ನಡುವೆ ಇರಲೇಬೇಕೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಪ್ರಮಾಣವಿಚಾರದಲ್ಲಿ, ಅಂದರೆ ಅರಿವು ಯಾವ ಸಾಧನದಿಂದ ಹುಟ್ಟುತ್ತದೆ ಎಂಬ ಪರಿಶೀಲನೆಯಲ್ಲಿ ಎತ್ತಿಕೊಂಡಂತೆಯೇ ಮೋಕ್ಷವಿಚಾರದಲ್ಲಿಯೂ ಎತ್ತಿಕೊಂಡಿವೆ. ಇದೇ ಪ್ರಶ್ನೆ ಬಳ್ಳಾರಿಯ ಬೆಂಗಳೂರು ರಸ್ತೆಯ ಮೊಬೈಲ್ ಅಂಗಡಿಗಳಲ್ಲಿಯೂ ಸಿರುಗುಪ್ಪ, ಕುರುಗೋಡುಗಳ ಜೆರಾಕ್ಸ್ ಅಂಗಡಿಗಳಲ್ಲಿಯೂ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಭತ್ತ ಬೆಳೆಯುವ ರೈತನೊಬ್ಬನ ಫೋನಿನಲ್ಲಿರುವ ಪಹಣಿಯ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳು ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೆ ಗಾತ್ರ ಕುಗ್ಗಿ ಅಕ್ಷರ ಮಸುಕಾಗಬಹುದಾದ್ದರಿಂದ, ಅವುಗಳನ್ನು ಹಾಗೆಯೇ ಪಡೆಯಲು ಫೋನನ್ನು ಕೇಬಲಿನ ಮೂಲಕ ಕಂಪ್ಯೂಟರಿಗೆ ಜೋಡಿಸಿದಾಗ ಬ್ಯಾಟರಿ ತುಂಬತೊಡಗುತ್ತದೆ, ಆದರೆ ಪರದೆಯ ಮೇಲೆ ಫೋನಿನ ಹೆಸರು ಮೂಡುವುದಿಲ್ಲ. ವಿದ್ಯುತ್ತು ಹರಿಯುವಷ್ಟು ಗಾಢವಾದ ಸಂಬಂಧವಿದ್ದೂ ಒಂದಕ್ಕೆ ಇನ್ನೊಂದರ ಗುರುತು ಸಿಕ್ಕಿರುವುದಿಲ್ಲ.

ಅಕ್ಷಪಾದ ಗೌತಮನ ನ್ಯಾಯಸೂತ್ರವು ಪ್ರತ್ಯಕ್ಷಜ್ಞಾನವು ಇಂದ್ರಿಯ ಮತ್ತು ವಿಷಯಗಳ ಸನ್ನಿಕರ್ಷದಿಂದ ಹುಟ್ಟುತ್ತದೆ ಎನ್ನುತ್ತದೆ. ಸನ್ನಿಕರ್ಷವೆಂದರೆ ಇಂದ್ರಿಯಕ್ಕೂ ಅದು ಗ್ರಹಿಸುವ ವಸ್ತುವಿಗೂ ಏರ್ಪಡುವ ಸಂಬಂಧ. ಆದರೆ ಭಾಷ್ಯಕಾರ ವಾತ್ಸ್ಯಾಯನನು ಈ ಸಂಬಂಧದ ಹಿಂದೆ ಒಂದು ಸರಪಳಿಯನ್ನೇ ಕಾಣುತ್ತಾನೆ: ಆತ್ಮವು ಮನಸ್ಸಿನೊಡನೆ, ಮನಸ್ಸು ಇಂದ್ರಿಯದೊಡನೆ, ಇಂದ್ರಿಯವು ವಿಷಯದೊಡನೆ ಕೂಡಬೇಕು. ಮೊದಲಿನ ಕೊಂಡಿ ಎಲ್ಲ ಬಗೆಯ ಜ್ಞಾನಕ್ಕೂ ಸಮಾನವಾದ್ದರಿಂದ ಲಕ್ಷಣದಲ್ಲಿ ಅದನ್ನು ಹೇಳಿಲ್ಲವೇ ಹೊರತು ಅದು ಬೇಡವೆಂದು ಅರ್ಥವಲ್ಲ. ಕಣ್ಣು ತೆರೆದಿದ್ದರೂ ಮನಸ್ಸು ಬೇರೆಡೆ ಇದ್ದವನಿಗೆ ಎದುರಿನ ವಸ್ತು ಕಾಣದೇ ಹೋಗುವುದನ್ನು ಈ ವಿವರಣೆ ಚೆನ್ನಾಗಿ ಬಿಡಿಸುತ್ತದೆ. ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ಮೊದಲು ತಿಳಿಯಬೇಕೆಂಬ ನೈಯಾಯಿಕರ ಶಿಸ್ತು ಫೋನ್ ಮತ್ತು ಕಂಪ್ಯೂಟರುಗಳ ನಡುವಿನ ತೊಡಕಿಗೂ ನೇರವಾಗಿ ಒದಗುತ್ತದೆ.

ಯುಎಸ್‌ಬಿ ಎಂಬುದು ಕಂಪ್ಯೂಟರಿಗೆ ಹೊರಗಿನ ಸಾಧನಗಳನ್ನು ಜೋಡಿಸಲು ಹಲವು ಕಂಪನಿಗಳು ಸೇರಿ ಒಪ್ಪಿಕೊಂಡ ಸಾಮಾನ್ಯ ನಿಯಮಾವಳಿ. 1996ರಲ್ಲಿ ಅದರ ಮೊದಲ ಆವೃತ್ತಿ ಹೊರಬಂತು, ಮತ್ತು ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಇಂಟೆಲ್ ಕಂಪನಿಯ ಅಜಯ್ ಭಟ್ ಬರೋಡಾದಲ್ಲಿ ಓದಿದವರು. ಅದರ ಹಳೆಯ, ಸರಳ ರೂಪದ ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ಐದು ವೋಲ್ಟಿನ ವಿದ್ಯುತ್ತನ್ನು ಒಯ್ದು ಮರಳಿಸುತ್ತವೆ, ಉಳಿದೆರಡು ಮಾಹಿತಿಯನ್ನು ಒಯ್ಯುತ್ತವೆ. ಅಗ್ಗದ ಎಷ್ಟೋ ಕೇಬಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲವಾದ್ದರಿಂದ, ಅಂಗಡಿಯವರು ‘ಚಾರ್ಜಿಂಗ್ ವೈರು’ ಮತ್ತು ‘ಡಾಟಾ ಕೇಬಲ್’ ಎಂದು ಮಾಡುವ ಭೇದ ವಸ್ತುಸ್ಥಿತಿಗೆ ಒಪ್ಪುವ ಭೇದವೇ ಆಗಿದೆ. ಮಾಹಿತಿಯ ತಂತಿಗಳು ಇದ್ದಾಗ ನಡೆಯುವ ಪರಿಚಯದ ವಿಧಿ ಗಮನಾರ್ಹವಾದುದು. ಹೊಸದಾಗಿ ಬಂದ ಸಾಧನವು ಮಾಹಿತಿಯ ಒಂದು ತಂತಿಯಲ್ಲಿ ವೋಲ್ಟೇಜನ್ನು ಏರಿಸಿ ತನ್ನ ಇರವನ್ನು ಸಾರುತ್ತದೆ. ಆಗ ಅದಕ್ಕೆ ಸ್ವಂತ ವಿಳಾಸವಿಲ್ಲ, ಬಂದ ಎಲ್ಲಕ್ಕೂ ಸಮಾನವಾದ ಸೊನ್ನೆಯೇ ಅದರ ವಿಳಾಸ. ಕಂಪ್ಯೂಟರು ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸವನ್ನು ಕೊಟ್ಟು, ‘ಡಿಸ್ಕ್ರಿಪ್ಟರ್’ ಎಂಬ ಸ್ವಪರಿಚಯದ ಪತ್ರವನ್ನು ಕೇಳುತ್ತದೆ. ಅದರಲ್ಲಿ ತಯಾರಿಸಿದ ಕಂಪನಿಯ ಸಂಖ್ಯೆ, ಮಾದರಿಯ ಸಂಖ್ಯೆ, ಸಾಧನದ ವರ್ಗ ಮುಂತಾದುವು ಇರುತ್ತವೆ. ಈ ಗುರುತುಗಳಿಗೆ ಹೊಂದುವ ಡ್ರೈವರ್ ಯಾವುದೆಂದು ಕಂಪ್ಯೂಟರು ತನ್ನ ಸಂಗ್ರಹದಲ್ಲಿ ಹುಡುಕುವುದು ಆ ಬಳಿಕ. ಡ್ರೈವರ್ ಎಂದರೆ ಒಂದು ಬಗೆಯ ಸಾಧನದ ನಡೆನುಡಿಯನ್ನು ಬಲ್ಲ, ಕಂಪ್ಯೂಟರಿನ ಆಜ್ಞೆಗಳನ್ನು ಆ ಸಾಧನಕ್ಕೆ ತಿಳಿಯುವಂತೆಯೂ ಅದರ ಉತ್ತರಗಳನ್ನು ಕಂಪ್ಯೂಟರಿಗೆ ತಿಳಿಯುವಂತೆಯೂ ದಾಟಿಸುವ ತಂತ್ರಾಂಶ.

ಡ್ರೈವರು ಫೋನಿಗೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ ಎಂಬುದು ಇಲ್ಲಿ ವಿಚಾರಕ್ಕೆ ಹೆಚ್ಚು ಒದಗುವ ಸಂಗತಿ. ಚಿತ್ರಗಳು ಮೊದಲೇ ಇದ್ದವು, ಕಂಪ್ಯೂಟರಿಗೆ ಅವನ್ನು ತೋರಿಸುವ ಸಾಮರ್ಥ್ಯವೂ ಮೊದಲೇ ಇತ್ತು, ಇಲ್ಲದಿದ್ದುದು ಗುರುತು. ಹತ್ತನೆಯ ಶತಮಾನದ ಕಾಶ್ಮೀರದಲ್ಲಿ ಉತ್ಪಲದೇವನು ಈಶ್ವರಪ್ರತ್ಯಭಿಜ್ಞಾಕಾರಿಕೆಯಲ್ಲಿ ಪ್ರತಿಪಾದಿಸಿದ, ಮುಂದೆ ಅಭಿನವಗುಪ್ತನು ವ್ಯಾಖ್ಯಾನಿಸಿದ ಶೈವದರ್ಶನದ ತಿರುಳು ಇಂಥದೇ ಸ್ಥಿತಿಯ ವಿವರಣೆಯಾಗಿದೆ. ಪ್ರತ್ಯಭಿಜ್ಞೆ ಎಂದರೆ ‘ಅದೇ ಇದು’ ಎಂಬ ಗುರುತಿಸುವಿಕೆ. ಉತ್ಪಲದೇವನು ಕೊಡುವ ದೃಷ್ಟಾಂತದಲ್ಲಿ, ಕಾಣದೆಯೇ ಒಬ್ಬನಲ್ಲಿ ಮನಸ್ಸಿಟ್ಟ ಹೆಣ್ಣಿನ ಮುಂದೆ ಅವನೇ ಬಂದು ನಿಂತಿದ್ದರೂ, ಅವಳಿಗೆ ಅವನು ಇತರರಂತೆಯೇ ತೋರುತ್ತಾನೆ. ಅವನ ಗುಣಗಳು ಇವೇ ಎಂದು ತಿಳಿದ ಕ್ಷಣದಲ್ಲಿ ಮಾತ್ರ ಅವಳ ಹೃದಯ ತುಂಬುತ್ತದೆ. ಆತ್ಮದಲ್ಲಿ ಸದಾ ಬೆಳಗುತ್ತಿರುವ ಈಶ್ವರನೂ ಹೀಗೆಯೇ ಗುಣಗಳ ಪರಿಚಯವಿಲ್ಲದ್ದರಿಂದ ಗುರುತು ಸಿಗದೆ ಉಳಿದಿದ್ದಾನೆ, ಶಾಸ್ತ್ರದ ಕೆಲಸ ಆ ಪರಿಚಯವನ್ನು ಮಾಡಿಕೊಡುವುದಷ್ಟೇ ಎಂಬುದು ಅವನ ನಿಲುವು. ಸಾನ್ನಿಧ್ಯ ಸಾಲದು, ಗುಣಪರಿಚಯ ಬೇಕು ಎಂಬ ಈ ಮಾತನ್ನು ತತ್ತ್ವಶಾಸ್ತ್ರದ ಇತಿಹಾಸದ ಅತ್ಯಂತ ಕೋಮಲವಾದ ಒಳನೋಟಗಳಲ್ಲಿ ಒಂದೆಂದು ಎಣಿಸಬೇಕು.

ದುರಸ್ತಿಯ ಕ್ರಮವೂ ಇದರಿಂದಲೇ ಹೊರಡುತ್ತದೆ. ಕಂಪ್ಯೂಟರು ಸದ್ದನ್ನೇ ಮಾಡದೆ ಸುಮ್ಮನಿದ್ದರೆ ಮೊದಲು ಅನುಮಾನಿಸಬೇಕಾದುದು ಕೇಬಲನ್ನು ಮತ್ತು ಫೋನಿನ ತೂತಿನಲ್ಲಿ ಸೇರಿಕೊಂಡಿರಬಹುದಾದ ದೂಳನ್ನು. ಬಳ್ಳಾರಿಯ ಬೇಸಗೆಯಲ್ಲಿ ಈ ಎರಡನೆಯದನ್ನು ಮರೆಯಲಾಗದು. ವಿಂಡೋಸ್ ವ್ಯವಸ್ಥೆಯ ‘ಡಿವೈಸ್ ಮ್ಯಾನೇಜರ್’ ಎಂಬ ಸಾಧನಗಳ ಪಟ್ಟಿಯಲ್ಲಿ ‘ಅಜ್ಞಾತ ಯುಎಸ್‌ಬಿ ಸಾಧನ’ ಎಂಬ ಅರ್ಥದ ಸಾಲು 43ನೆಯ ಸಂಖ್ಯೆಯ ದೋಷದೊಡನೆ ಕಂಡು, ಡಿಸ್ಕ್ರಿಪ್ಟರ್ ಕೋರಿಕೆ ವಿಫಲವಾಯಿತೆಂದು ತಿಳಿಸಿದರೆ, ಪರಿಚಯದ ಪತ್ರವೇ ಸರಿಯಾಗಿ ತಲುಪಿಲ್ಲವೆಂದು ತಿಳಿಯಬೇಕು. ಆಗ ಡ್ರೈವರ್ ಹುಡುಕುತ್ತ ಗಂಟೆಗಳನ್ನು ಕಳೆಯುವುದಕ್ಕಿಂತ ಬೇರೆ ಕೇಬಲನ್ನೂ ಬೇರೆ ಪೋರ್ಟನ್ನೂ ಬಳಸಿ ನೋಡುವುದು ಮೇಲು. 28ನೆಯ ಸಂಖ್ಯೆ ಕಂಡರೆ ಡ್ರೈವರ್ ಇಲ್ಲವೆಂದೇ ಅರ್ಥ. ಫೋನಿನ ಹೆಸರು ಕಂಡು ಒಳಗೆ ಏನೂ ಇಲ್ಲದಿದ್ದರೆ ದೋಷ ಡ್ರೈವರಿನದಲ್ಲ, ಫೋನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಬೀಗ ತೆಗೆದು, ಮೇಲಿನಿಂದ ಎಳೆದ ಸೂಚನೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಅನ್ನು ಆರಿಸಬೇಕು.

ಇವುಗಳಿಗಿಂತ ಸೂಕ್ಷ್ಮವಾದ ದೋಷವೊಂದಿದೆ. ಹಿಂದೆ ಯಾವಾಗಲೋ ಸೇರಿದ ಹಳೆಯ ಅಥವಾ ಕೆಟ್ಟ ಡ್ರೈವರ್ ಈಗ ಬಂದ ಫೋನನ್ನು ತನ್ನದೆಂದು ಹಿಡಿದುಕೊಂಡುಬಿಡುತ್ತದೆ. ಇದು ನೈಯಾಯಿಕರು ಅನ್ಯಥಾಖ್ಯಾತಿ ಎನ್ನುವ ಭ್ರಮೆಯ ರೂಪ: ಹಿಂದೆ ಕಂಡ ಬೆಳ್ಳಿಯ ಸಂಸ್ಕಾರದಿಂದ, ಅಂದರೆ ಉಳಿದುಕೊಂಡ ಅಚ್ಚಿನಿಂದ, ಎದುರಿನ ಕಪ್ಪೆಚಿಪ್ಪು ಬೆಳ್ಳಿಯಾಗಿ ತೋರುವಂತೆ. ಇದಕ್ಕೆ ಪರಿಹಾರ ಮತ್ತೊಂದು ಡ್ರೈವರನ್ನು ಮೇಲೆ ಹೇರುವುದಾಗಲಾರದು. ಪಟ್ಟಿಯಲ್ಲಿ ಮರೆಯಾಗಿರುವ ಸಾಧನಗಳನ್ನು ತೋರಿಸುವಂತೆ ಮಾಡಿ, ಮಸುಕಾಗಿ ಕಾಣುವ ಹಳೆಯ ನಮೂದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕೇಬಲ್ ಬಿಡಿಸಿ, ಕಂಪ್ಯೂಟರನ್ನು ಮತ್ತೆ ಆರಂಭಿಸಿ, ಆಮೇಲೆ ಫೋನನ್ನು ಜೋಡಿಸಬೇಕು. ಅದೂ ಫಲಿಸದಿದ್ದರೆ ವಿಂಡೋಸ್‌ನಲ್ಲಿ ಮೊದಲೇ ಇರುವ ಪಟ್ಟಿಯಿಂದ ‘ಎಂಟಿಪಿ ಯುಎಸ್‌ಬಿ ಡಿವೈಸ್’ ಎಂಬುದನ್ನು ಕೈಯಾರೆ ಆರಿಸಬಹುದು. ಎಂಟಿಪಿ ಎಂಬುದು ಕಂಪನಿ ಯಾವುದಾದರೂ ಆಂಡ್ರಾಯ್ಡ್ ಫೋನ್ ಎಂಬ ಜಾತಿಗೆ ಒಪ್ಪುವ ಕಡತ ವಿನಿಮಯದ ನಿಯಮ. ವೈಶೇಷಿಕರ ಮಾತಿನಲ್ಲಿ ಹೇಳುವುದಾದರೆ, ವಿಶೇಷವನ್ನು ತಿಳಿಯದಿದ್ದಾಗಲೂ ಸಾಮಾನ್ಯದ ಮೂಲಕ ವ್ಯವಹಾರ ಸಾಗುತ್ತದೆ.

ಇಷ್ಟಾದ ಮೇಲೆ ಧಾರ್ಮಿಕ ಪ್ರಶ್ನೆ ತನ್ನ ಪೂರ್ಣ ರೂಪದಲ್ಲಿ ಎದುರು ನಿಲ್ಲುತ್ತದೆ: ಗುರುತು ಮಾಡಿಕೊಡುವ ಮಧ್ಯವರ್ತಿ ಎಂದೆಂದಿಗೂ ಬೇಕೇ, ಅಥವಾ ಪರಿಚಯವಾದ ಮೇಲೆ ಅವನು ಸರಿದು ನಿಲ್ಲಬೇಕೇ? ಬಳ್ಳಾರಿ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಬೇರೆ ಉತ್ತರಗಳು ಅಕ್ಕಪಕ್ಕದಲ್ಲಿಯೇ ಬದುಕಿವೆ. ಸಿರುಗುಪ್ಪದಿಂದ ತುಂಗಭದ್ರೆಯ ಹರಿವನ್ನು ಹಿಡಿದು ಕೆಳಗೆ ಹೋದರೆ ರಾಘವೇಂದ್ರತೀರ್ಥರು 1671ರಲ್ಲಿ ಬೃಂದಾವನಸ್ಥರಾದ ಮಂತ್ರಾಲಯ ಸಿಗುತ್ತದೆ. ಅವರ ಮಾಧ್ವ ಸಂಪ್ರದಾಯದಲ್ಲಿ ಜೀವೋತ್ತಮನಾದ ಮುಖ್ಯಪ್ರಾಣನ ದ್ವಾರವಿಲ್ಲದೆ ವಿಷ್ಣುವಿನ ಪ್ರಸಾದ ಜೀವನಿಗೆ ದೊರೆಯದು, ಮತ್ತು ಈ ತಾರತಮ್ಯ ಮೋಕ್ಷದಲ್ಲಿಯೂ ಅಳಿಯದು. ವೀರಶೈವದಲ್ಲಿ ಗುರುವು ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಶಿಷ್ಯನನ್ನು ಸಂಸ್ಕರಿಸಿ ಇಷ್ಟಲಿಂಗವನ್ನು ಅಂಗೈಗೆ ಕೊಡುತ್ತಾನೆ. ಆ ಬಳಿಕ ಭಕ್ತನ ಪೂಜೆಗೆ ಅರ್ಚಕನೂ ಬೇಡ, ಗರ್ಭಗುಡಿಯೂ ಬೇಡ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಕುರುಗೋಡಿನಲ್ಲಿರುವುದು ಮೂರನೆಯ ಬಗೆ. ಶಿವಾಲಯಗಳಲ್ಲಿ ನಂದಿಯು ಲಿಂಗಕ್ಕೆ ಎದುರಾಗಿ ಕುಳಿತು, ತನ್ನ ಕೊಂಬುಗಳ ನಡುವಿನಿಂದ ಭಕ್ತನಿಗೆ ಶಿವದರ್ಶನ ಮಾಡಿಸುವವನು. ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದಲ್ಲಿ ಒಳಗೆ ಕುಳಿತು ಪೂಜೆ ಪಡೆಯುವವನು ಏಕಶಿಲೆಯ ಆ ಬೃಹತ್ ನಂದಿಯೇ. ದಾರಿ ತೋರಬೇಕಾದವನೇ ಇಲ್ಲಿ ಆರಾಧ್ಯನಾಗಿದ್ದಾನೆ.

ಡ್ರೈವರು ಪ್ರತಿಯೊಂದು ಕಡತ ದಾಟುವಾಗಲೂ ನಡುವೆ ಇರುವುದರಿಂದ ಮೇಲ್ನೋಟಕ್ಕೆ ಮಾಧ್ವರ ನಿತ್ಯದ್ವಾರಕ್ಕೆ ಹತ್ತಿರವಾಗಿ ತೋರುತ್ತದೆ. ಆದರೆ ಸರಿಯಾಗಿ ನಡೆಯುವಾಗ ಅದು ಯಾರ ಗಮನಕ್ಕೂ ಬಾರದು, ಕೆಟ್ಟಾಗ ಮಾತ್ರ ಅದರ ಹೆಸರು ಕೇಳಿಬರುತ್ತದೆ. ಈ ಗುಣದಲ್ಲಿ ಅದು ಲಿಂಗವನ್ನು ಕೈಗಿತ್ತು ಹಿಂದೆ ಸರಿಯುವ ಗುರುವಿನ ಹಾಗಿದೆ. ಮಧ್ಯವರ್ತಿಯು ಗುರಿಯ ಸ್ಥಾನವನ್ನು ತಾನೇ ಹಿಡಿಯಬಾರದೆಂಬ ತೀರ್ಮಾನಕ್ಕೆ ಇದರಿಂದ ಬರಬಹುದಾದರೂ, ಕುರುಗೋಡಿನ ಭಕ್ತಿ ಅದಕ್ಕೆ ತೊಡಕನ್ನು ಒಡ್ಡುತ್ತದೆ, ಮತ್ತು ಆ ತೊಡಕು ನಿಜವಾದುದು. ಪ್ರೀತಿ ಇರುವಲ್ಲಿ, ಪ್ರಿಯನ ಬಳಿಗೆ ಕರೆದೊಯ್ದವನೂ ಪ್ರಿಯನಾಗುತ್ತಾನೆ. ನಂದಿಯ ಪೂಜೆ ಶಿವನನ್ನು ಮರೆತದ್ದರ ಗುರುತಲ್ಲ, ಶಿವನ ಕಡೆಗಿನ ಒಲವು ತುಂಬಿ ಹೊರಚೆಲ್ಲಿದ ಗುರುತು. ಯಂತ್ರದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಯಂತ್ರಗಳಲ್ಲಿ ಗುರುತಿದೆ, ಒಲವಿಲ್ಲ.

ಮಧ್ಯವರ್ತಿಯನ್ನು ಪರೀಕ್ಷಿಸುವ ಹೊಣೆಯ ವಿಷಯದಲ್ಲಿ ಮಾತ್ರ ಹೋಲಿಕೆ ಮತ್ತೆ ಗಟ್ಟಿಯಾಗುತ್ತದೆ. ಹಲವು ಡ್ರೈವರುಗಳು ಕಂಪ್ಯೂಟರಿನ ‘ಕರ್ನೆಲ್’ ಎಂಬ ಅಂತರಂಗದಲ್ಲಿ, ಸಾಮಾನ್ಯ ತಂತ್ರಾಂಶಗಳಿಗೆ ಇಲ್ಲದ ಅಧಿಕಾರದೊಡನೆ ಕೆಲಸ ಮಾಡುತ್ತವೆ; ಎಲ್ಲಿಂದಲೋ ಇಳಿಸಿಕೊಂಡ ‘ಡ್ರೈವರ್ ಪ್ಯಾಕ್’ ಒಂದನ್ನು ಅವಸರದಲ್ಲಿ ಒಳಬಿಟ್ಟವರು ಮನೆಯ ಕೀಲಿಕೈಯನ್ನೇ ಒಪ್ಪಿಸಿದಂತೆ. ಈ ಕಾರಣಕ್ಕೇ 64 ಬಿಟ್ ವಿಂಡೋಸ್ ಇಂಥ ಡ್ರೈವರುಗಳಿಗೆ ಡಿಜಿಟಲ್ ಸಹಿಯನ್ನು ಕಡ್ಡಾಯಗೊಳಿಸಿದೆ, ಮತ್ತು ಡ್ರೈವರನ್ನು ಫೋನಿನ ತಯಾರಕರಿಂದ ಅಥವಾ ವಿಂಡೋಸ್ ಅಪ್‌ಡೇಟ್‌ನಿಂದ ಪಡೆಯುವುದೇ ಸರಿ. ಕುಲಾರ್ಣವತಂತ್ರವು ಗುರುವು ಶಿಷ್ಯನನ್ನು ಪರೀಕ್ಷಿಸುವಂತೆಯೇ ಶಿಷ್ಯನೂ ಗುರುವನ್ನು ಪರೀಕ್ಷಿಸಬೇಕೆಂದು ವಿಧಿಸುವುದರ ಹಿಂದೆ ಇರುವುದೂ ಇದೇ ಎಚ್ಚರ: ಅಂತರಂಗಕ್ಕೆ ಪ್ರವೇಶ ಪಡೆಯುವವನ ಅಧಿಕಾರ ದೊಡ್ಡದು, ಅವನು ಹುಸಿಯಾದರೆ ಆಗುವ ಹಾನಿಯೂ ಅಷ್ಟೇ ದೊಡ್ಡದು.

ವಾತ್ಸ್ಯಾಯನನ ಸರಪಳಿಯ ಮೊದಲ ಕೊಂಡಿಯ ವಿಚಾರ ಇನ್ನೂ ಉಳಿದಿದೆ. ನ್ಯಾಯಮತದಲ್ಲಿ ಜ್ಞಾನವು ಆತ್ಮದ ಗುಣ, ಇಂದ್ರಿಯದ್ದೂ ಅಲ್ಲ, ಮನಸ್ಸಿನದ್ದೂ ಅಲ್ಲ. ಆದ್ದರಿಂದ ಕಂಪ್ಯೂಟರು ಫೋನನ್ನು ಗುರುತಿಸಿತು ಎಂಬ ಮಾತು ಬಳಕೆಗೆ ಒಪ್ಪಿದರೂ, ಕೇಬಲು, ಡ್ರೈವರು, ಪರದೆ ಇವೆಲ್ಲವೂ ಕರಣಗಳು, ಎಂದರೆ ಉಪಕರಣಗಳು ಮಾತ್ರ, ತಿಳಿಯುವವನು ಪರದೆಯ ಮುಂದೆ ನಿಂತ ರೈತ. ‘ಈ ಕಂಪ್ಯೂಟರಿಗೆ ಅನುಮತಿ ಕೊಡಬೇಕೇ’ ಎಂದು ಫೋನು ಕೇಳುವುದು ಅವನನ್ನು. ಸಾರ್ವಜನಿಕ ಅಂಗಡಿಯಲ್ಲಿ ಕಡತಗಳ ವರ್ಗಾವಣೆಗೆ ಮಾತ್ರ ಒಪ್ಪಿ, ‘ಯುಎಸ್‌ಬಿ ಡಿಬಗ್ಗಿಂಗ್’ ಎಂಬ ಆಳವಾದ ಅಧಿಕಾರವನ್ನು ಕೇಳಿದರೆ ನಿರಾಕರಿಸಿ, ಕೆಲಸ ಮುಗಿದ ಮೇಲೆ ಆ ಕಂಪ್ಯೂಟರಿನಲ್ಲಿ ಉಳಿದ ಪಹಣಿಯ ಮತ್ತು ಪಾಸ್‌ಬುಕ್ಕಿನ ಪ್ರತಿಗಳನ್ನು ರಿಸೈಕಲ್ ಬಿನ್‌ನಿಂದಲೂ ಅಳಿಸಿಸಿಕೊಂಡು ಬರುವುದು ಅವನೇ ಮಾಡಬೇಕಾದ ಕೆಲಸ, ಅದನ್ನು ಯಾವ ಡ್ರೈವರೂ ಅವನ ಪರವಾಗಿ ಮಾಡುವುದಿಲ್ಲ.