ದೇವರು ಬಂದಿದ್ರ ಬ್ಯಾರೆ ಮಾತಿತ್ತು

ನಮ್ಮ ವಿಜಯಪುರ ಕಡೆಯ ಹಳ್ಳಿಗಳಲ್ಲಿ ಮಂಗಳವಾರ, ಶುಕ್ರವಾರ ಬಾಗಿಲಿಗೆ ಬಂದ ಜೋಗಪ್ಪನನ್ನು ಬರಿಗೈಲಿ ಕಳಿಸೋದಿಲ್ಲ. ಓಣಿಯ ಆ ತುದಿಯಲ್ಲಿ ಚೌಡಿಕೆ ಸದ್ದು ಕೇಳಿದರೆ ಸಾಕು, ಅಜ್ಜಿ ಮೊರದಲ್ಲಿ ಜೋಳ ಹಿಡಕೊಂಡು ಹೊರಗೆ ನಿಂತಿರುತ್ತಿದ್ದಳು. ಸೀರೆ ಉಟ್ಟು, ಹಣೆ ತುಂಬ ಭಂಡಾರ ಬಳಿದುಕೊಂಡ ಗಂಡು ದನಿಯ ಆ ವ್ಯಕ್ತಿಯನ್ನು ನೋಡಿ ಹುಡುಗರು ನಾವು ಕಿಸಕ್ಕಂತ ನಕ್ಕರೆ ತಲೆಗೊಂದು ಏಟು ಬೀಳೋದು. "ನಗಬ್ಯಾಡ್ರಿ, ಅವರು ಎಲ್ಲವ್ವನ ಮಂದಿ." ನಾವು ಸುಮ್ಮನಾಗುತ್ತಿದ್ದೆವು.

ಬೆಂಗಳೂರಿನ ಆಫೀಸಿನಲ್ಲಿ ಇದನ್ನು ಹೇಳಿದರೆ ಕೇಳಿದವರ ಕಣ್ಣು ಅರಳುತ್ತದೆ. ಜೂನ್ ತಿಂಗಳಲ್ಲಂತೂ ಕಂಪನಿಗಳ ಲೋಗೊ ಕಾಮನಬಿಲ್ಲಿನ ಬಣ್ಣಕ್ಕೆ ತಿರುಗಿದ ಹೊತ್ತಿಗೆ ಯಾರಾದರೂ ಒಬ್ಬರು ಉದ್ದಕ್ಕೆ ಬರೀತಾರೆ: ಇದೆಲ್ಲ ಪಶ್ಚಿಮದಿಂದ ಕಲಿಯಬೇಕಾದದ್ದಲ್ಲ, ನಮ್ಮಲ್ಲಿ ಮೊದಲಿಂದಲೂ ಇತ್ತು, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಿ ಅಂತ. ಮಾತು ಸುಳ್ಳಲ್ಲ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಹುಲಿಗೆಮ್ಮನ ಗುಡಿಯಲ್ಲಿ ದೀಕ್ಷೆ ಪಡೆದವರು. ಕಾಳವ್ವ ಜೋಗತಿಯ ಹತ್ತಿರ ಕುಣಿತ ಕಲಿತರು, ತಲೆ ಮೇಲೆ ಕೊಡ ಹೊತ್ತು ಊರೂರು ಅಲೆದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳುವ ಮುಂಚೆ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ನೀವೂ ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಅದನ್ನು ನೋಡಿ ಅವ್ವ ಕಣ್ಣೊರೆಸಿಕೊಂಡಳು.

ಆದರೆ ಅದೇ ಓಣಿಯಲ್ಲಿ, ಅದೇ ಜೋಗಪ್ಪ ಬುಧವಾರ ಬಂದು ಬಾಡಿಗೆಗೆ ಒಂದು ಖೋಲಿ ಕೇಳಿದರೆ ಏನಾಗುತ್ತದೆ? ಪಡ್ಡಲಗಿ ತುಂಬಿಸೋಕೆ ಕರೀತಾರೆ, ಕಾಲಿಗೆ ಬೀಳುತ್ತಾರೆ. ಹೊಲದ ಪಾಲು ಕೇಳಿದರೆ ಅಣ್ಣತಮ್ಮಂದಿರು "ಅವ ಈಗ ದೇವರ ಪಾಲು, ಮನಿ ಪಾಲು ಎಲ್ಲಿಂದ ಬರ್ತದ" ಅಂತಾರೆ. (ಎಲ್ಲವ್ವನ ಹೆಸರಿನಲ್ಲಿ ಹೆಣ್ಣುಮಕ್ಕಳ ಬಾಳು ಏನಾಗಿತ್ತು ಅನ್ನೋದು ಬೇರೆಯೇ ಕಥೆ. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಸುಮ್ಮನೆ ಬರಲಿಲ್ಲ. ಹಾಗಾಗಿ ಗುಡ್ಡದ ಬಗ್ಗೆ ಯಾರಾದರೂ ಬರೀ ಹೂವು ಚೆಲ್ಲಿ ಬರೆದರೆ ನನಗೆ ಅನುಮಾನ.)

ಇದನ್ನು ಯೋಚಿಸುವ ಹಾಗೆ ಮಾಡಿದ್ದು ನನ್ನೊಬ್ಬ ಗೆಳೆಯ. ತಿಕೋಟಾ ತಾಲೂಕಿನವನು, ಮನೆಯಲ್ಲಿ ನಾಲ್ಕು ಎಕರೆ ದ್ರಾಕ್ಷಿ, ಒಂದು ಮಣೂಕದ ಶೆಡ್ಡು. ನನ್ನ ಜೊತೆಯೇ ಬಿಇ ಮುಗಿಸಿದ. ಅವನ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಹೆಸರು ಬಿಟ್ಟಿದ್ದೇನೆ. ಮೂವತ್ತು ದಾಟಿದ ಮೇಲೆ ಮನೆಗೆ ಕನ್ಯೆಯರ ಬಯೋಡೇಟಾ ಬರುವುದು ಜೋರಾಯಿತು. ಒಂದು ದೀಪಾವಳಿಗೆ ಊರಿಗೆ ಹೋದವನು ಅವ್ವನ ಮುಂದೆ ಕೂತು ಹೇಳಿಬಿಟ್ಟ: ನನಗ ಹುಡುಗಿ ಬ್ಯಾಡವ್ವ, ಬೆಂಗಳೂರಾಗ ಒಬ್ಬ ಹುಡುಗನ ಜೋಡಿ ಅದೀನಿ, ನಾಕು ವರ್ಷ ಆತು. ಅವ್ವ ಅಳಲಿಲ್ಲ, ಬೈಯಲಿಲ್ಲ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಕರಕೊಂಡು ಹೋದಳು. ಅವಳಿಗೆ ತಿಳಿದಿದ್ದ ಜಗತ್ತಿನಲ್ಲಿ ಇಂಥದ್ದಕ್ಕೆ ಇದ್ದ ಹೆಸರು ಒಂದೇ, ದೇವಿ ಹತ್ತಿರಬೇಕು.

ಅಲ್ಲಿ ವಯಸ್ಸಾದ ಜೋಗಪ್ಪ ಒಬ್ಬರು ಇವನನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿದರಂತೆ. ಸೀರಿ ಉಡಬೇಕು ಅನ್ನಿಸ್ತದೇನು? ಇಲ್ಲ. ಕನಸಿನಾಗ ಅವ್ವ ಬರ್ತಾಳೇನು? ಇಲ್ಲ. ಆಮೇಲೆ ತಾಯಿ ಕಡೆ ತಿರುಗಿ, "ಇವಗ ದೇವಿ ಹತ್ತಿಲ್ಲವ್ವ. ಇವ ಹಿಂಗ ಅದಾನ, ಅಷ್ಟ" ಅಂದರಂತೆ.

ನನ್ನ ಲೆಕ್ಕದಲ್ಲಿ ಅಂದು ಗುಡ್ಡದ ಮೇಲೆ ಹುಟ್ಟಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಆದರೆ ತಾಯಿಗೆ ಅದು ಸಿಡಿಲು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಇದು: "ದೇವರು ಬಂದಿದ್ರ ಬ್ಯಾರೆ ಮಾತಿತ್ತು. ಊರಿಗೆ ಏನರೆ ಹೇಳಬಹುದಿತ್ತು."

ಈ ಮಾತನ್ನು ತಳ್ಳಿಹಾಕಬೇಡಿ. ಇದರಲ್ಲಿ ಒಂದು ಇಡೀ ನೀತಿಶಾಸ್ತ್ರ ಇದೆ. ಮಗ ದೇವಿಯ ಬಲವಂತದಿಂದ ಬೇರೆಯಾಗಿದ್ದರೆ ಒಪ್ಪಬಹುದು. ಅವನ ಸ್ವಭಾವವೇ ಹಾಗಿದ್ದು, ಅವನೇ ಬಯಸಿ ಒಬ್ಬನ ಜೊತೆ ಬದುಕುತ್ತಿದ್ದರೆ ಒಪ್ಪಲಾಗದು. ಯಾಕೆ? ಮೊದಲನೆಯದರಲ್ಲಿ ಯಾರ ತಪ್ಪೂ ಇಲ್ಲ, ಅದಕ್ಕೆ. ಅಂದರೆ ನಮ್ಮ ಊರು ಜೋಗಪ್ಪನಿಗೆ ಕೊಟ್ಟ ಗೌರವ ಒಂದು ರೀತಿಯ ಮಾಫಿ. ಮಾಫಿ ಮಾಡಬೇಕಾದರೆ ಮೊದಲು ತಪ್ಪು ಇರಬೇಕಲ್ಲ? ತಪ್ಪಿನ ಹೊರೆಯನ್ನು ದೇವಿಯ ತಲೆಗೆ ಹೊರಿಸಿದೆವು, ಹೊರೆಯನ್ನು ಕೆಳಗಿಳಿಸಲಿಲ್ಲ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ ಇದು ಎಕ್ಸೆಪ್ಶನ್ ಹ್ಯಾಂಡ್ಲಿಂಗ್. ನಿರೀಕ್ಷೆ ಮಾಡದ ಇನ್‌ಪುಟ್ ಬಂದಾಗ ಸಿಸ್ಟಮ್ ಬೀಳದ ಹಾಗೆ ಹಿಡಿದು, ಪಕ್ಕಕ್ಕೆ ಒಯ್ದು, ಒಂದು ಲಾಗ್ ಬರೆದು ಮುಂದೆ ಹೋಗೋದು. ಸಿಸ್ಟಮ್ ಮಾತ್ರ ಮೊದಲಿನ ಹಾಗೆಯೇ ಇರುತ್ತದೆ.

ಹಾಗಂತ ಆ ಪಕ್ಕದ ಜಾಗ ಏನೇನೂ ಅಲ್ಲ ಅನ್ನುವಷ್ಟು ಧೈರ್ಯ ನನಗಿಲ್ಲ. ಎಷ್ಟೋ ಜನರ ಜೀವ ಉಳಿದದ್ದು ಅದರಿಂದಲೇ. ಒಂದು ಊಟ, ಒಬ್ಬ ಗುರು, ಒಂದು ಹಾಡು, ಬೈದರೆ ಪಾಪ ಹತ್ತುತ್ತದೆ ಎನ್ನುವ ಭಯ, ಇವು ಸಣ್ಣವಲ್ಲ. ಅದು ಸಾಲದು ಅಂತಷ್ಟೇ ನನ್ನ ವಾದ.

ಈಗ ಸ್ವಲ್ಪ ದೂರ ಹೋಗೋಣ. ಆನ್‌ಸೈಟ್ ಅಂತ ಮಿನಿಯಾಪೊಲಿಸ್‌ನಲ್ಲಿ ಒಂದೂವರೆ ವರ್ಷ ಇದ್ದೆ. ಅದು ಲುಥೆರನ್ನರ ಸೀಮೆ, ಸ್ವೀಡನ್, ನಾರ್ವೆ, ಜರ್ಮನಿಯಿಂದ ಬಂದ ರೈತರ ಮೊಮ್ಮಕ್ಕಳು. (ನಮಗೂ ಲುಥೆರನ್ನರು ತೀರಾ ಹೊರಗಿನವರಲ್ಲ. ಕಿಟೆಲ್‌ರ 1894ರ ನಿಘಂಟು, ಮೋಗ್ಲಿಂಗ್‌ರ ಮಂಗಳೂರು ಸಮಾಚಾರ ಕೊಟ್ಟ ಬಾಸೆಲ್ ಮಿಷನ್‌ನಲ್ಲಿ ಲುಥೆರನ್, ರಿಫಾರ್ಮ್ಡ್ ಇಬ್ಬರೂ ಕೂಡಿಯೇ ಇದ್ದರು.) ನನ್ನ ಮನೆಯ ಹತ್ತಿರದ ಚರ್ಚಿನ ಹೊರಗೆ ಒಂದು ಬೋರ್ಡು. "ಎಲ್ಲರಿಗೂ ಸ್ವಾಗತ" ಅಂತ ಬರೆದು ಸುಮ್ಮನಾಗಿರಲಿಲ್ಲ. ಯಾವ ಜನಾಂಗದವರಾದರೂ, ಸಲಿಂಗಿಗಳಾದರೂ, ಟ್ರಾನ್ಸ್ ಆದರೂ ಅಂತ ಒಂದೊಂದೇ ಹೆಸರು ಹಿಡಿದು ಬರೆದಿದ್ದರು. ನನ್ನೊಳಗಿನ ಎಂಜಿನಿಯರಿಗೆ ಅದು ಕೆಟ್ಟ ಡಿಸೈನ್ ಅನ್ನಿಸಿತು. "ಎಲ್ಲರೂ" ಅಂದ ಮೇಲೆ ಪಟ್ಟಿ ಯಾಕೆ? ಸಹೋದ್ಯೋಗಿಯ ಜೊತೆ ಅಲ್ಲಿನ ನೆಲಮಾಳಿಗೆಯ ಊಟಕ್ಕೆ ಹೋದಾಗ ಒಬ್ಬ ಅಜ್ಜಿಯನ್ನು ಕೇಳಿಯೇಬಿಟ್ಟೆ. ಆಲೂಗಡ್ಡೆ ಬಡಿಸುತ್ತಲೇ ಹೇಳಿದರು: ನನ್ನ ಮಗ ಹದಿನೆಂಟು ವರ್ಷ "ಎಲ್ಲರಿಗೂ ಸ್ವಾಗತ" ಅನ್ನುವ ಬೋರ್ಡಿನ ಕೆಳಗೇ ಓಡಾಡಿದ, ಅದು ತನಗಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವರಲ್ಲಿ 1974ರಿಂದಲೇ ಇದಕ್ಕಾಗಿ ಕೆಲಸ ಮಾಡುವ ಒಂದು ಬಳಗವಿದೆ, ಈಗ ಅದರ ಹೆಸರು ರೀಕನ್‌ಸೈಲಿಂಗ್‌ವರ್ಕ್ಸ್. ಒಂದು ಸಭೆ ತನ್ನನ್ನು ಸ್ವಾಗತಿಸುವ ಸಭೆ ಎಂದು ಕರೆದುಕೊಳ್ಳಬೇಕಾದರೆ ಲೈಂಗಿಕತೆ ಮತ್ತು ಲಿಂಗ ಗುರುತನ್ನು ಹೆಸರಿಸಿಯೇ ಹೇಳಿಕೆ ಹೊರಡಿಸಬೇಕು ಅನ್ನೋದು ಆ ಬಳಗದ ಷರತ್ತು.

ಪಟ್ಟಿ ಯಾಕೆ ಅನ್ನೋದು ನಮ್ಮ ಊರಿನವನಾಗಿ ನನಗೆ ಮೊದಲೇ ಹೊಳೆಯಬೇಕಿತ್ತು ಅಂತ ನೀವು ಅನ್ನಬಹುದು. ಜಾತ್ರೆಯ ದಾಸೋಹದ ದಿನ "ಊರಿನ ಮಂದಿ ಎಲ್ಲಾರೂ ಊಟಕ್ಕ ಬರ್ರೆಪ್ಪೋ" ಅಂತ ಡಂಗುರ ಸಾರುತ್ತಿದ್ದರು. ಡಂಗುರ ಸಾರುವವನು ದಲಿತರ ಕೇರಿಯವನೇ. ತಾನು ಸಾರುವ "ಎಲ್ಲಾರೂ" ಎನ್ನುವ ಶಬ್ದದಲ್ಲಿ ತಾನೆಷ್ಟು, ತನ್ನ ಪಂಕ್ತಿ ಎಷ್ಟು ಹೊತ್ತಿಗೆ, ಎಲ್ಲಿ ಅನ್ನೋದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಎಲ್ಲರೂ" ಎಂಬುದರ ಅರ್ಥವನ್ನು ಮೊದಲೇ ಒಳಗೆ ಕೂತವರು ನಿರ್ಧರಿಸಿರುತ್ತಾರೆ. ಹೊರಗಿದ್ದವನು ಕೇಳಿಸಿಕೊಳ್ಳುವುದು ಆ ಅರ್ಥವನ್ನು, ಶಬ್ದವನ್ನಲ್ಲ.

ಇಲ್ಲಿ ಬಸವಣ್ಣನನ್ನು ತರದೆ ಬಾಗೇವಾಡಿ ಜಿಲ್ಲೆಯವರು ಮಾತು ಮುಗಿಸೋದಿಲ್ಲ, ನಾನೂ ಅಷ್ಟೇ. ಬಂದವನನ್ನು ಯಾರವನು ಅಂತ ಕೇಳಬಾರದು ಅನ್ನುವ ವಚನ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಒಳಗೆ ಸುಳಿಯುವ ಆತ್ಮಕ್ಕೆ ಗಂಡು ಹೆಣ್ಣು ಉಂಟೇ ಅಂತ ಕೇಳಿದವನು ಜೇಡರ ದಾಸಿಮಯ್ಯ. ಅವರು ಪಟ್ಟಿ ಮಾಡಲಿಲ್ಲವಲ್ಲ, ಅಮೆರಿಕದವರಿಗೆ ಯಾಕೆ ಬೇಕು ಅಂತ ಒಬ್ಬರು ನನ್ನ ಜೊತೆ ವಾದ ಮಾಡಿದರು. ನಿಜವಾಗಿ ಪಟ್ಟಿ ಇತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಸೂಳೆ ಸಂಕವ್ವೆ. ಒಳಗೆ ಬರುವಾಗ ಯಾರೂ ಜಾತಿ, ಕಸುಬು ಬಾಗಿಲಲ್ಲಿ ಕಳಚಿಡಲಿಲ್ಲ, ಹೆಸರಿನ ಮುಂದೆಯೇ ಇಟ್ಟುಕೊಂಡು ಕೂತರು. "ಎಲ್ಲರೂ" ಎನ್ನುವುದು ಎಲ್ಲಿಯವರೆಗೆ ಅನ್ನೋದಕ್ಕೆ ಆ ಹೆಸರುಗಳೇ ಪುರಾವೆ.

ಮತ್ತೊಂದು. ಅನುಭವ ಮಂಟಪದಲ್ಲಿ ಜೊತೆಗೆ ಕೂತಿದ್ದನ್ನು ಕಲ್ಯಾಣ ಹೇಗೋ ಸಹಿಸಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದಾಗ ಸಹಿಸಲಿಲ್ಲ. ಆ ಇಬ್ಬರು ತಂದೆಯರನ್ನು ಕೊಲ್ಲಿಸಲಾಯಿತು ಅಂತ ಪರಂಪರೆ ಹೇಳುತ್ತದೆ. ಜೊತೆಗೆ ಕೂರಿಸುವುದು ಸುಲಭ, ಮದುವೆ ಮತ್ತು ಆಸ್ತಿಯ ಹತ್ತಿರ ಬಂದಾಗ ಸ್ವಾಗತದ ಬೆಲೆ ಗೊತ್ತಾಗುತ್ತದೆ. ಕೋರ್ಟಿನಲ್ಲೂ ಆದದ್ದು ಅದೇ ಅಲ್ಲವೇ? 2014ರ ಏಪ್ರಿಲ್ 15ಕ್ಕೆ ಟ್ರಾನ್ಸ್ ಜನರ ಗುರುತಿಗೆ ಮಾನ್ಯತೆ, 2018ರ ಸೆಪ್ಟೆಂಬರ್ 6ಕ್ಕೆ 377ರ ಬೇಡಿ ಕಳಚಿತು, 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ಜನರಿಗೆ ಶೇ. 1 ಮೀಸಲಾತಿ ಕೊಟ್ಟಿತು. 2023ರ ಅಕ್ಟೋಬರ್ 17ಕ್ಕೆ ಮದುವೆಯ ವಿಷಯ ಬಂದಾಗ ಸುಪ್ರೀಂ ಕೋರ್ಟು ಅದು ಸಂಸತ್ತಿನ ಕೆಲಸ ಅಂದಿತು.

ಲುಥೆರನ್ನರ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆಯೇ ಒಂದು ಭಾಗ. 2009ರ ಆಗಸ್ಟಿನಲ್ಲಿ ಅದೇ ಮಿನಿಯಾಪೊಲಿಸ್‌ನಲ್ಲಿ ಅವರ ದೊಡ್ಡ ಚರ್ಚಿನ ಮಹಾಸಭೆ ಸೇರಿತ್ತು. ಲೈಂಗಿಕತೆ ಕುರಿತ ಹೇಳಿಕೆ ಪಾಸಾಗಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. ಬಂದದ್ದು 676 ಪರ, 338 ವಿರೋಧ. ಲೆಕ್ಕ ಹಾಕಿ ನೋಡಿ, ಸರಿಯಾಗಿ ಮೂರರಲ್ಲಿ ಎರಡು, ಒಂದು ಮತ ಆಚೀಚೆ ಆಗಿದ್ದರೂ ಬಿದ್ದುಹೋಗುತ್ತಿತ್ತು. ಅದೇ ಸಭೆಯಲ್ಲಿ ಸಂಗಾತಿಯ ಜೊತೆ ಬಾಳುವ ಸಲಿಂಗಿಗಳು ಪಾದ್ರಿಗಳಾಗುವ ದಾರಿಯೂ ತೆರೆಯಿತು. ಆಮೇಲೆ ನೂರಾರು ಸಭೆಗಳು ಚರ್ಚು ಬಿಟ್ಟು ಹೋದವು. ಅದೇ ವರ್ಷ ಸ್ವೀಡನ್ನಿನ ಚರ್ಚು ಸಲಿಂಗಿಗಳ ಮದುವೆ ಮಾಡಿಸಲು ಶುರುಮಾಡಿತು, 2013ರಲ್ಲಿ ಇಥಿಯೋಪಿಯಾದ ಮೆಕಾನೆ ಯೇಸುಸ್ ಚರ್ಚು ಈ ಎರಡೂ ಚರ್ಚುಗಳ ಸಂಬಂಧ ಕಡಿದುಕೊಂಡಿತು. ಎಲ್ಲರೂ ಲುಥೆರನ್ನರೇ.

ಆ 2009ರ ಹೇಳಿಕೆಯಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಈ ಪ್ರಶ್ನೆಯಲ್ಲಿ ನಮ್ಮೊಳಗೇ ನಾಲ್ಕು ನಿಲುವುಗಳಿವೆ, ನಾಲ್ಕನ್ನೂ ಜನ ಆತ್ಮಸಾಕ್ಷಿಗೆ ಕಟ್ಟುಬಿದ್ದೇ ಹಿಡಿದಿದ್ದಾರೆ ಅಂತ ಬರೆದುಕೊಂಡರು. 1521ರಲ್ಲಿ ವರ್ಮ್ಸ್ ಪಟ್ಟಣದಲ್ಲಿ ಸಾಮ್ರಾಟನ ಮುಂದೆ ಲೂಥರ್ ನಿಂತದ್ದೇ ಆತ್ಮಸಾಕ್ಷಿಯ ಹೆಸರಿನಲ್ಲಿ, ಆ ಶಬ್ದವನ್ನು ಅವರು ಹಗುರಾಗಿ ಬಳಸುವಂತಿಲ್ಲ. ಮೊದಲು ಇದು ನನಗೆ ಹೇಡಿತನ ಅನ್ನಿಸಿತು. ಒಬ್ಬನ ಬದುಕಿನ ಬಗ್ಗೆ ನಾಲ್ಕು ಅಭಿಪ್ರಾಯ ಇಟ್ಟುಕೊಂಡು ಬಾ ಕೂತುಕೋ ಅನ್ನೋದು ಎಂಥ ಸ್ವಾಗತ? ಬರುಬರುತ್ತಾ ಗೆಳೆಯನ ಅಪ್ಪನನ್ನು ನೋಡಿ ಸ್ವಲ್ಪ ಬೇರೆ ಥರ ಯೋಚಿಸುತ್ತಿದ್ದೇನೆ. ಅಪ್ಪ ಒಪ್ಪಿಲ್ಲ, ಒಪ್ಪುವ ಲಕ್ಷಣವೂ ಇಲ್ಲ. ಆದರೆ ಕಳೆದ ಸಲ ಮಗ ಆ ಹುಡುಗನನ್ನು ಊರಿಗೆ ಕರಕೊಂಡು ಬಂದಾಗ, ಹೊಲದಲ್ಲಿ ಮೂವರೂ ಒಂದೇ ಬುತ್ತಿ ಬಿಚ್ಚಿ ಉಂಡರು. ಹಿಂಡಿ, ರೊಟ್ಟಿ, ಮೊಸರು. ಅಪ್ಪ ಅವನಿಗೆ ಡ್ರಿಪ್ ಪೈಪು ತೋರಿಸಿದ.

ಒಪ್ಪಿಗೆ ಇಲ್ಲದೆ ಸ್ವಾಗತ ಸಾಧ್ಯವೇ? ಸ್ವಲ್ಪ ದೂರದವರೆಗೆ ಸಾಧ್ಯ ಅಂತ ನನ್ನ ತೀರ್ಮಾನ. ಒಪ್ಪದವನಿಗೂ ಪಂಕ್ತಿಯಲ್ಲಿ ಜಾಗ ಇರಲಿ, ಅವನ ಆತ್ಮಸಾಕ್ಷಿ ಅವನದು. ಆದರೆ ಪಕ್ಕದಲ್ಲಿ ಕೂತವನು ತಾನು ಯಾರು ಅಂತ ಬಾಯಿ ಬಿಡಬಾರದು ಅನ್ನುವ ಷರತ್ತು ಹಾಕಿದ ಗಳಿಗೆಗೆ ಆ ಆತ್ಮಸಾಕ್ಷಿ ತನ್ನ ಗಡಿ ದಾಟಿತು. ನಮ್ಮ ಊರಿಗೆ ಕಷ್ಟ ಆಗೋದು ಅಲ್ಲೇ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಹೇಳಬಾರದು. ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಗೋಡೆಗೆ ಪಿಸುಗುಟ್ಟಿದರೆ ಆ ಗೋಡೆಗೆ ಸ್ಪಷ್ಟ ಕೇಳುತ್ತದಲ್ಲ, ಊರೂ ಹಾಗೇ. ಪಿಸುಮಾತಿಗೆ ಎಲ್ಲಿಲ್ಲದ ಸೌಕರ್ಯ, ಗಟ್ಟಿ ಮಾತಾಡಿದರೆ ಏಳು ಸಲ ತಿರುಗಿ ಬಂದು ಕಿವಿಗೆ ಬಡಿಯುತ್ತದೆ.

ಈ ಬೇಸಿಗೆಗೆ ಗೆಳೆಯನ ತಂಗಿಯ ಲಗ್ನ. ನಮ್ಮ ಕಡೆ ಲಗ್ನಪತ್ರದ ಕೆಳಗೆ "ಸುಖಾಗಮನ ಬಯಸುವವರು" ಅಂತ ಕಾಕಾ, ಮಾಮಾ, ಅಳಿಯ, ಬೀಗರು ಎಲ್ಲರ ಹೆಸರು ಸಣ್ಣ ಅಕ್ಷರದಲ್ಲಿ ತುಂಬಿರುತ್ತವೆ. ಒಂದು ಹೆಸರು ಬಿಟ್ಟರೆ ಹತ್ತು ವರ್ಷ ಮಾತು ಬಿಡುತ್ತಾರೆ. ಕಳೆದ ವಾರ ಅವ್ವ ಫೋನಿನಲ್ಲಿ ಮಗನನ್ನು ಕೇಳಿದಳಂತೆ, "ಆ ಹುಡುಗನ ಪೂರ್ತಿ ಹೆಸರೇನು, ಇನಿಷಿಯಲ್ ಸಹಿತ ಹೇಳು." ಪಟ್ಟಿಯನ್ನು ವಿಜಯಪುರದ ಪ್ರೆಸ್ಸಿಗೆ ಅವಳೇ ಕೊಟ್ಟು ಬಂದಿದ್ದಾಳೆ. ಪ್ರೆಸ್ಸಿನವನು ಟೈಪ್ ಮಾಡುತ್ತಾ, "ಇವರ ಮುಂದ ಏನು ಹಾಕ್ಲಿ ಅಕ್ಕಾರ, ಇವರು ಯಾರ ಕಡಿಯವರು?" ಅಂದ. "ಮೊದ್ಲ ಹೆಸರು ಹಾಕು, ಮುಂದ ನೋಡೂಣು" ಅಂದಳಂತೆ. ಪ್ರೂಫ್ ವಾಟ್ಸಾಪಿನಲ್ಲಿ ಬಂದಿದೆ. ಅಪ್ಪ ಇನ್ನೂ ನೋಡಿಲ್ಲ.